ಕ್ಯಾಲಿಫೋರ್ನಿಯಾದಲ್ಲಿ ಕೆಲಸ ಹೋದರೆ: ನಿರುದ್ಯೋಗ ವಿಮೆಯ ಅರ್ಜಿಯಿಂದ ಅಪೀಲ್‌ವರೆಗೆ

ಲೇಆಫ್ ಮೇಲ್ ಬಂದ ವಾರ ಬೇ ಏರಿಯಾದ ನಮ್ಮವರು ಮಾಡುವ ಕೆಲಸಗಳು ಹೆಚ್ಚುಕಡಿಮೆ ಒಂದೇ. ರೆಸ್ಯೂಮೆ ತಿದ್ದುತ್ತಾರೆ. ಹಳೆಯ ಸಹೋದ್ಯೋಗಿಗಳಿಗೆ ಮೆಸೇಜ್ ಹಾಕುತ್ತಾರೆ. ಊರಲ್ಲಿರುವ ಅಪ್ಪ ಅಮ್ಮನಿಗೆ ಹೇಳುವುದೋ ಬೇಡವೋ ಎಂದು ತಲೆ ಕೆಡಿಸಿಕೊಳ್ಳುತ್ತಾರೆ. ನಿರುದ್ಯೋಗ ವಿಮೆಯ ಮಾತು ಬಂದರೆ ಮಾತ್ರ, "ಅಯ್ಯೋ, ಸರ್ಕಾರದ ಮುಂದೆ ಯಾಕೆ ಕೈ ಚಾಚೋದು, ಇನ್ನೆರಡು ತಿಂಗಳಲ್ಲಿ ಕೆಲಸ ಸಿಗುತ್ತೆ ಬಿಡಿ" ಎನ್ನುತ್ತಾರೆ.

ಇದು ಕೈ ಚಾಚುವುದಲ್ಲ. ಕಾರಿಗೆ ಪೆಟ್ಟಾದಾಗ ವಿಮೆ ಕೇಳುವುದಕ್ಕೆ ಯಾರೂ ನಾಚಿಕೊಳ್ಳುವುದಿಲ್ಲ, ಅಲ್ವಾ? ಇದೂ ವಿಮೆಯೇ. ನಿಮ್ಮನ್ನು ಕೆಲಸಕ್ಕೆ ಇಟ್ಟುಕೊಂಡ ಕಂಪನಿ ಪ್ರತಿ ವರ್ಷ ನಿಮ್ಮ ಸಂಬಳದ ಮೊದಲ 7,000 ಡಾಲರ್ ಮೇಲೆ ರಾಜ್ಯಕ್ಕೆ ಈ ತೆರಿಗೆ ಕಟ್ಟುತ್ತದೆ. ಹೊಸ ಕಂಪನಿಗಳಿಗೆ ದರ ಶೇಕಡಾ 3.4. ಆಮೇಲೆ ಅದು ಶೇಕಡಾ 6.2ರವರೆಗೆ ಹೋಗಬಹುದು. ಪೇಸ್ಲಿಪ್ಪಿನಲ್ಲಿ ಕಾಣುವ ಎಸ್‌ಡಿಐ ಕಡಿತ ಬೇರೆ, ಅದು ಕಾಯಿಲೆ ಮತ್ತು ಬಾಣಂತನದ ರಜೆಗೆ. ನಿರುದ್ಯೋಗ ವಿಮೆಗೆ ನಿಮ್ಮ ಕೈಯಿಂದ ಪೈಸೆ ಹೋಗುವುದಿಲ್ಲ.

ಹಣ ಎಷ್ಟು? ವಾರಕ್ಕೆ 40ರಿಂದ 450 ಡಾಲರ್. ಈ 450ರ ಮಿತಿ 2005ರಿಂದ ಬದಲಾಗಿಲ್ಲ. ಗರಿಷ್ಠ 26 ವಾರ ಎಂದರೆ ಒಟ್ಟು 11,700 ಡಾಲರ್. ಸ್ಯಾನ್ ಹೋಸೆಯಲ್ಲಿ ಬಾಡಿಗೆಗೂ ಸಾಲದು ನಿಜ. ಆದರೆ ದಿನಸಿ, ವಿದ್ಯುತ್ ಬಿಲ್, ಕಾರಿನ ಕಂತು ನಡೆಯುತ್ತದೆ. ಇಷ್ಟು ಹಣವನ್ನು ಸಂಕೋಚಕ್ಕೆ ಬಿಟ್ಟುಕೊಡುವುದು ಜಾಣತನವಲ್ಲ.

ಇದನ್ನು ನಡೆಸುವುದು ರಾಜ್ಯದ ಎಂಪ್ಲಾಯ್‌ಮೆಂಟ್ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್. ಎಲ್ಲರೂ ಇಡಿಡಿ ಎನ್ನುತ್ತಾರೆ. ಇಲ್ಲಿ ಹೇಳುವುದೆಲ್ಲ ಕ್ಯಾಲಿಫೋರ್ನಿಯಾಕ್ಕೆ ಮಾತ್ರ. ಟೆಕ್ಸಸ್, ನ್ಯೂಜೆರ್ಸಿಯಲ್ಲಿ ಮೊತ್ತವೂ ಬೇರೆ, ಗಡುವೂ ಬೇರೆ.

ಮೊದಲು ವೀಸಾ ನೋಡಿಕೊಳ್ಳಿ

ನಮ್ಮವರಿಗೆ ಮೊದಲ ತೊಡಕು ಇಲ್ಲೇ. ಕೆಲಸ ಹೋಗಿರುವುದು ನಿಮ್ಮ ತಪ್ಪಿನಿಂದಲ್ಲದಿದ್ದರೆ ಸಾಲದು. ಹಣ ಕೇಳುವ ಪ್ರತಿ ವಾರವೂ ನೀವು ಕೆಲಸ ಮಾಡಲು ಶಕ್ತರಾಗಿರಬೇಕು, ಸಿದ್ಧರಾಗಿರಬೇಕು, ಹುಡುಕುತ್ತಿರಬೇಕು. ಜೊತೆಗೆ ಅಮೆರಿಕದಲ್ಲಿ ಕೆಲಸ ಮಾಡುವ ಕಾನೂನುಬದ್ಧ ಅನುಮತಿಯೂ ಇರಬೇಕು.

ಪೌರರು ಮತ್ತು ಗ್ರೀನ್ ಕಾರ್ಡ್ ಇರುವವರಿಗೆ ಈ ತೊಡಕಿಲ್ಲ. ಗ್ರೀನ್ ಕಾರ್ಡ್ ಅರ್ಜಿ ಬಾಕಿಯಿದ್ದು ಅದರ ಮೇಲೆ ಇಎಡಿ (ಕೆಲಸ ಮಾಡಲು ಅನುಮತಿ ಕೊಡುವ ಕಾರ್ಡ್) ಪಡೆದವರೂ ಅರ್ಜಿ ಹಾಕಬಹುದು. ಎಚ್-1ಬಿ ಎಂಬ ಕೆಲಸದ ವೀಸಾದಲ್ಲಿರುವವರ ಸಂಗಾತಿಗೆ ಸಿಗುವ ಎಚ್-4 ವೀಸಾದ ಮೇಲೆ ಇಎಡಿ ಪಡೆದವರೂ ಹಾಕಬಹುದು, ಆದರೆ ಸಂಗಾತಿಯ ಎಚ್-1ಬಿ ಹೋದರೆ ಅವರ ಎಚ್-4ಕ್ಕೂ ಆಧಾರ ತಪ್ಪುತ್ತದೆ ಎಂಬುದು ನೆನಪಿರಲಿ.

ಎಚ್-1ಬಿ ಮೇಲಿದ್ದು ಕೆಲಸ ಕಳೆದುಕೊಂಡವರ ಕತೆ ಬೇರೆ. 60 ದಿನಗಳವರೆಗೆ ದೇಶದಲ್ಲಿರಲು ಅವಕಾಶವಿದೆ, ಐ-94 (ದೇಶದಲ್ಲಿ ಯಾವ ದಿನದವರೆಗೆ ಇರಬಹುದು ಎಂಬ ದಾಖಲೆ) ಅದಕ್ಕೂ ಮೊದಲೇ ಮುಗಿದರೆ ಅಲ್ಲಿಯವರೆಗೆ. ಆದರೆ ಹೊಸ ಕಂಪನಿ ನಿಮ್ಮ ಪರವಾಗಿ ಅರ್ಜಿ ಸಲ್ಲಿಸುವವರೆಗೆ ಕೆಲಸ ಮಾಡುವ ಅನುಮತಿ ಇಲ್ಲ. ಹೀಗಾಗಿ "ನಾಳೆಯೇ ಕೆಲಸಕ್ಕೆ ಸೇರಬಲ್ಲೆ" ಎಂದು ಹೇಳುವುದು ಕಷ್ಟ, ಹಣ ಸಿಗುವುದೂ ಕಷ್ಟ. ವರ್ಷಗಟ್ಟಲೆ ಇವರ ಸಂಬಳದ ಮೇಲೂ ಕಂಪನಿ ತೆರಿಗೆ ಕಟ್ಟಿರುತ್ತದೆ. ಇದು ನ್ಯಾಯವಲ್ಲ ಎಂದೇ ನನಗನ್ನಿಸುತ್ತದೆ. ಆದರೂ ಫಾರ್ಮಿನಲ್ಲಿ ಸುಳ್ಳು ಟಿಕ್ ಹಾಕುವ ಗೋಜಿಗೆ ಹೋಗಬೇಡಿ. 450 ಡಾಲರ್‌ಗಾಗಿ ವಲಸೆ ದಾಖಲೆಗೆ ಕಲೆ ಹಚ್ಚಿಕೊಳ್ಳುವುದು ಯಾವ ಲೆಕ್ಕಕ್ಕೂ ಸರಿಹೋಗದು.

"ವಿಮೆ ತಗೊಂಡರೆ ಪಬ್ಲಿಕ್ ಚಾರ್ಜ್ ಅಂತ ಗ್ರೀನ್ ಕಾರ್ಡ್ ತಡೀತಾರಂತೆ" ಎಂಬ ಮಾತು ಓಡಾಡುತ್ತಿರುತ್ತದೆ. ಪಬ್ಲಿಕ್ ಚಾರ್ಜ್ ಎಂದರೆ ಸರ್ಕಾರಕ್ಕೆ ಹೊರೆಯಾಗುವವರು. 2022ರ ನಿಯಮ ಎಣಿಸುವ ಸವಲತ್ತುಗಳಲ್ಲಿ ನಿರುದ್ಯೋಗ ವಿಮೆ ಇಲ್ಲ, ಇದು ದುಡಿದು ಗಳಿಸಿದ ಹಕ್ಕು. ಗ್ರೀನ್ ಕಾರ್ಡ್ ಅರ್ಜಿ ನಡೆಯುತ್ತಿದ್ದರೆ ನಿಮ್ಮ ವಕೀಲರನ್ನು ಒಮ್ಮೆ ಕೇಳಿಬಿಡಿ, ನಿಯಮಗಳು ಬದಲಾಗುವ ಕಾಲ ಇದು.

ಯಾವ ತಿಂಗಳು ಅರ್ಜಿ ಹಾಕುತ್ತೀರಿ ಎಂಬುದೂ ಮುಖ್ಯ

ಹಣದ ಲೆಕ್ಕ ನಿಮ್ಮ ಕೊನೆಯ ಸಂಬಳದ ಮೇಲೆ ನಡೆಯುವುದಿಲ್ಲ. ಬೇಸ್ ಪೀರಿಯಡ್ ಎಂಬ 12 ತಿಂಗಳ ಅವಧಿ ಇದೆ. ಜನವರಿಯಿಂದ ಮಾರ್ಚ್ ಒಳಗೆ ಅರ್ಜಿ ಹಾಕಿದರೆ ಹಿಂದಿನ ಸೆಪ್ಟೆಂಬರ್ 30ಕ್ಕೆ ಮುಗಿದ 12 ತಿಂಗಳು. ಏಪ್ರಿಲ್‌ನಿಂದ ಜೂನ್‌ವರೆಗೆ ಹಾಕಿದರೆ ಡಿಸೆಂಬರ್ 31ಕ್ಕೆ ಮುಗಿದದ್ದು. ಜುಲೈನಿಂದ ಸೆಪ್ಟೆಂಬರ್‌ಗೆ ಮಾರ್ಚ್ 31, ಅಕ್ಟೋಬರ್‌ನಿಂದ ಡಿಸೆಂಬರ್‌ಗೆ ಜೂನ್ 30.

ಈ ಅವಧಿಯ ಯಾವುದಾದರೂ ಒಂದು ತ್ರೈಮಾಸಿಕದಲ್ಲಿ ಕನಿಷ್ಠ 1,300 ಡಾಲರ್ ಗಳಿಸಿರಬೇಕು. ಇಲ್ಲವೇ ಅತಿ ಹೆಚ್ಚು ಗಳಿಸಿದ ತ್ರೈಮಾಸಿಕದಲ್ಲಿ 900 ಡಾಲರ್ ಆದರೂ ಇದ್ದು, ಇಡೀ ಅವಧಿಯ ಗಳಿಕೆ ಆ ತ್ರೈಮಾಸಿಕದ ಒಂದೂಕಾಲು ಪಟ್ಟು ಇರಬೇಕು. ಒಂದು ತ್ರೈಮಾಸಿಕದಲ್ಲಿ ಸುಮಾರು 11,700 ಡಾಲರ್ ದಾಟಿದ್ದರೆ ವಾರಕ್ಕೆ ಪೂರ್ತಿ 450 ಸಿಗುತ್ತದೆ. ಹೀಗಾಗಿ ಸಾಫ್ಟ್‌ವೇರ್‌ನವರು ಈ ಲೆಕ್ಕಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಅರೆಕಾಲಿಕ ಕೆಲಸದಲ್ಲಿದ್ದವರು, ಬಾಣಂತನ ಮುಗಿಸಿ ಬಂದವರು, ಇತ್ತೀಚೆಗಷ್ಟೇ ಇಎಡಿ ಪಡೆದವರು ಮಾತ್ರ ಎರಡೂ ರೀತಿ ಲೆಕ್ಕ ಹಾಕಿ ನೋಡಿ. ಮಾರ್ಚ್ ಕೊನೆಯ ವಾರದ ಬದಲು ಏಪ್ರಿಲ್ ಮೊದಲ ವಾರ ಹಾಕಿದರೆ ಮೊತ್ತ ಬೇರೆಯೇ ಆಗಬಹುದು. ಮಾಮೂಲಿ ಅವಧಿಯಲ್ಲಿ ಗಳಿಕೆ ಸಾಲದಿದ್ದರೆ, ತೀರಾ ಇತ್ತೀಚಿನ ನಾಲ್ಕು ಪೂರ್ಣ ತ್ರೈಮಾಸಿಕಗಳನ್ನು ಹಿಡಿಯುವ ಬದಲಿ ಲೆಕ್ಕವೂ ಇದೆ.

ಉಳಿದವರು ಕೆಲಸ ಹೋದ ವಾರವೇ ಹಾಕಿ. ಕ್ಲೇಮ್ ಶುರುವಾಗುವುದು ಅರ್ಜಿ ಹಾಕಿದ ವಾರದ ಭಾನುವಾರದಿಂದ. ತಡ ಮಾಡಿದ ವಾರಗಳನ್ನು ಹಿಂದಕ್ಕೆ ಎಳೆಸಬೇಕೆಂದರೆ ಬಲವಾದ ಕಾರಣ ತೋರಿಸಬೇಕು. ಮೊದಲ ವಾರಕ್ಕೆ ಹೇಗೂ ಹಣವಿಲ್ಲ, ಅದು ಕಾಯುವ ವಾರ.

ಅರ್ಜಿ ತುಂಬುವಾಗ

ಮೈಇಡಿಡಿ ಎಂಬ ಖಾತೆ ತೆರೆದು ಯುಐ ಆನ್‌ಲೈನ್ ಎಂಬ ನಿರುದ್ಯೋಗ ವಿಮೆಯ ಪುಟಕ್ಕೆ ಹೋಗಬೇಕು. ಫೋನ್, ಅಂಚೆ, ಫ್ಯಾಕ್ಸ್ ಕೂಡ ನಡೆಯುತ್ತದೆ, ಆದರೆ ಆನ್‌ಲೈನ್ ಸುಲಭ. ಗುರುತು ದೃಢೀಕರಿಸಲು ಪಾಸ್‌ಪೋರ್ಟ್, ಗ್ರೀನ್ ಕಾರ್ಡ್ ಅಥವಾ ಇಎಡಿ, ಸೋಷಿಯಲ್ ಸೆಕ್ಯುರಿಟಿ ನಂಬರ್ ಕೈಯಲ್ಲಿರಲಿ. ಕಳೆದ 18 ತಿಂಗಳಲ್ಲಿ ಕೆಲಸ ಮಾಡಿದ ಎಲ್ಲ ಕಂಪನಿಗಳ ಹೆಸರು, ವಿಳಾಸ, ದಿನಾಂಕ, ಸಂಬಳ ಕೇಳುತ್ತಾರೆ. ಪೇಸ್ಲಿಪ್‌ಗಳನ್ನು ಕಂಪನಿಯ ಲಾಗಿನ್ ಬಂದ್ ಆಗುವ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಕಂಪನಿಯ ಗುಟ್ಟಿನ ಫೈಲ್‌ಗಳನ್ನಲ್ಲ, ನಿಮ್ಮ ಪೇಸ್ಲಿಪ್, ನಿಮ್ಮ ಕೆಲಸದ ವಿಮರ್ಶೆ, ಕೆಲಸದಿಂದ ತೆಗೆದ ಪತ್ರ, ಅಷ್ಟೇ.

ಎರಡು ಕಡೆ ಹುಷಾರು. ಒಂದು, "ಕೊನೆಯ ಉದ್ಯೋಗದಾತ" ಎಂದರೆ ಅಕ್ಷರಶಃ ಕೊನೆಯವರು. ದೊಡ್ಡ ಕಂಪನಿಯಿಂದ ಹೊರಬಿದ್ದ ಮೇಲೆ ಎರಡು ದಿನ ಸ್ನೇಹಿತರ ಅಂಗಡಿಯಲ್ಲಿ ಸಂಬಳಕ್ಕೆ ನಿಂತಿದ್ದರೆ ಅವರೇ ಕೊನೆಯವರು. ಇನ್ನೊಂದು, ಕೊನೆಯ ದಿನ. ಲೇಆಫ್ ಆದ ಮೇಲೂ ಕೆಲವು ಕಂಪನಿಗಳು 60 ದಿನ ಸಂಬಳದ ಪಟ್ಟಿಯಲ್ಲಿ ಉಳಿಸಿಕೊಳ್ಳುತ್ತವೆ, ಕೆಲಸ ಮಾತ್ರ ಇರುವುದಿಲ್ಲ. ಲ್ಯಾಪ್‌ಟಾಪ್ ವಾಪಸ್ ಕೊಟ್ಟ ದಿನ, ಸಂಬಳ ನಿಂತ ದಿನ ಎರಡನ್ನೂ ಪತ್ರದಲ್ಲಿದ್ದಂತೆಯೇ ಹೇಳಿ. ಕೆಲಸ ಪೂರ್ತಿ ಮುಗಿದ ಮೇಲೆ ಇಡಿಗಂಟಾಗಿ ಬರುವ ಸೆವರೆನ್ಸ್ (ಕೆಲಸದಿಂದ ಕಳಿಸುವಾಗ ಕಂಪನಿ ಕೊಡುವ ಪರಿಹಾರ) ಮತ್ತು ಉಳಿದ ರಜೆಯ ಹಣಕ್ಕೆ ಕ್ಯಾಲಿಫೋರ್ನಿಯಾದಲ್ಲಿ ಸಾಮಾನ್ಯವಾಗಿ ಕಡಿತವಿಲ್ಲ. ಆದರೂ ಕೇಳಿದ ಕಡೆ ಬರೆಯಿರಿ. ಕಡಿಯಬೇಕೋ ಬೇಡವೋ ಎಂದು ತೀರ್ಮಾನಿಸುವುದು ಅವರ ಕೆಲಸ.

ಕೆಲಸ ಯಾಕೆ ಹೋಯಿತು: ಎಲ್ಲ ನಿಂತಿರುವುದು ಇದರ ಮೇಲೆ

ಅರ್ಜಿಯಲ್ಲಿ ಇದೊಂದು ಚಿಕ್ಕ ಪ್ರಶ್ನೆ. ಇದರ ಉತ್ತರವನ್ನು ಕಂಪನಿಗೂ ಕಳಿಸುತ್ತಾರೆ. ಕಂಪನಿ ಬೇರೆ ಕತೆ ಹೇಳಿದರೆ ಜಗಳ ಶುರು.

ಲೇಆಫ್ ಆದರೆ ಲೇಆಫ್ ಎಂದು ಬರೆಯಿರಿ, ಅದಕ್ಕೆ ವಿವರಣೆ ಬೇಡ. ನಮ್ಮವರಿಗೆ ಒಂದು ಅಭ್ಯಾಸ ಇದೆ, ಮರ್ಯಾದೆಗೆ ಅಂಜಿ "ನಾನೇ ಬಿಟ್ಟೆ" ಎನ್ನುವುದು. ನೆಂಟರ ಮುಂದೆ ಏನಾದರೂ ಹೇಳಿಕೊಳ್ಳಿ, ಈ ಫಾರ್ಮಿನಲ್ಲಿ ಬೇಡ. ಬಿಟ್ಟೆ ಎಂದರೆ, ಬಿಡಲು ತಕ್ಕ ಕಾರಣ ಇತ್ತೆಂದು ನೀವೇ ತೋರಿಸಬೇಕಾಗುತ್ತದೆ.

ಕೆಲಸದಿಂದ ತೆಗೆದರೂ ವಿಮೆ ಸಿಗಬಹುದು ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಇಲ್ಲಿನ ನಿರುದ್ಯೋಗ ವಿಮೆ ಕಾನೂನಿನ ಸೆಕ್ಷನ್ 1256 ಹೇಳುವುದು ಕೆಲಸಕ್ಕೆ ಸಂಬಂಧಿಸಿದ ದುರ್ನಡತೆಯ ಬಗ್ಗೆ. ಬೇಕೆಂದೇ ನಿಯಮ ಮುರಿಯುವುದು, ಎಚ್ಚರಿಕೆ ಕೊಟ್ಟರೂ ಕಾರಣವಿಲ್ಲದೆ ಬಾರದಿರುವುದು, ಸುಳ್ಳು ಲೆಕ್ಕ ಬರೆಯುವುದು, ಇಂಥವು. ಪಿಐಪಿ (ಕೆಲಸ ಸುಧಾರಿಸಿಕೊಳ್ಳಲು ಗಡುವು ಕೊಡುವ ಯೋಜನೆ) ಹಾಕಿ, ಗುರಿ ಮುಟ್ಟಲಿಲ್ಲ ಎಂದು ಕಳಿಸಿದರೆ ಅದು ದುರ್ನಡತೆಯಲ್ಲ. ಕೈಲಾಗದಿರುವುದು ಬೇರೆ, ಬೇಕೆಂದೇ ಮಾಡದಿರುವುದು ಬೇರೆ. ದುರ್ನಡತೆ ಇತ್ತೆಂದು ರುಜುವಾತು ಮಾಡುವ ಹೊಣೆ ಕಂಪನಿಯದು. "ರಾಜೀನಾಮೆ ಕೊಡಿ, ಇಲ್ಲವಾದರೆ ತೆಗೆಯುತ್ತೇವೆ" ಎಂದು ಬರೆಸಿಕೊಂಡಿದ್ದರೆ ಆ ಮಾತನ್ನು ಹಾಗೇ ಹೇಳಿ. ಅದನ್ನು ಸಾಮಾನ್ಯವಾಗಿ ತೆಗೆದುಹಾಕಿದಂತೆಯೇ ನೋಡುತ್ತಾರೆ. ಸ್ವಯಂ ನಿರ್ಗಮನದ ಪ್ಯಾಕೇಜ್ ಒಪ್ಪಿಕೊಳ್ಳುವವರು ಮಾತ್ರ ಸಹಿ ಹಾಕುವ ಮೊದಲು ಯೋಚಿಸಿ, ಇಡಿಡಿ ಪ್ರಶ್ನೆ ಕೇಳಿಯೇ ಕೇಳುತ್ತದೆ.

ನಿಜವಾಗಿಯೂ ನೀವೇ ಬಿಟ್ಟಿದ್ದರೂ ಬಾಗಿಲು ಮುಚ್ಚಿಲ್ಲ. ಸಂಗಾತಿಗೆ ಬೇರೆ ಊರಲ್ಲಿ ಕೆಲಸ ಸಿಕ್ಕಿ, ಅಲ್ಲಿಂದ ದಿನಾ ಓಡಾಡಲು ಆಗದು ಎಂದು ಬಿಟ್ಟರೆ ಅದು ಒಪ್ಪುವ ಕಾರಣ. ಆರೋಗ್ಯ, ಸುರಕ್ಷತೆಯ ಕಾರಣಗಳೂ ಆಗಬಹುದು. ಬಿಡುವ ಮೊದಲು ರಜೆ ಕೇಳಿದಿರಾ, ವರ್ಗಾವಣೆ ಕೇಳಿದಿರಾ, ಮೇಲಿನವರಿಗೆ ದೂರು ಕೊಟ್ಟಿರಾ ಎಂದು ಕೇಳುತ್ತಾರೆ. ಆ ಮೇಲ್‌ಗಳನ್ನು ಇಟ್ಟುಕೊಳ್ಳಿ.

ಅರ್ಜಿ ಹಾಕಿದ ಮೇಲೆ

ಸುಮಾರು ಎರಡು ವಾರದಲ್ಲಿ ಕಾಗದಗಳು ಬರುತ್ತವೆ. ಡಿಇ 429ಝಡ್ ಎಂಬುದು ಮೊತ್ತದ ನೋಟಿಸ್. ಅದರಲ್ಲಿರುವ ತ್ರೈಮಾಸಿಕ ಸಂಬಳ ನಿಮ್ಮ ಲೆಕ್ಕಕ್ಕೆ ಹೊಂದುತ್ತದೆಯೇ ನೋಡಿ. ಯಾವುದಾದರೂ ಕಂಪನಿಯ ಹೆಸರೇ ಬಿಟ್ಟುಹೋಗಿದ್ದರೆ ಪೇಸ್ಲಿಪ್ ಸಮೇತ ತಕ್ಷಣ ತಿಳಿಸಿ. ಈ ನೋಟಿಸ್ ಬಂದರೆ ಹಣ ಮಂಜೂರಾಯಿತು ಎಂದಲ್ಲ, ಇಷ್ಟು ಸಿಗಬಹುದು ಎಂದಷ್ಟೇ. ರಾಜ್ಯದ ಕೆಲಸ ಹುಡುಕುವ ಜಾಲತಾಣ ಕ್ಯಾಲ್‌ಜಾಬ್ಸ್‌ನಲ್ಲಿ ಹೆಸರು ನೋಂದಾಯಿಸಿ ಎಂಬ ಕಾಗದವೂ ಬಂದರೆ ಅದನ್ನು 21 ದಿನದೊಳಗೆ ಮುಗಿಸಿ.

ಏನಾದರೂ ಅನುಮಾನ ಇದ್ದರೆ ಫೋನ್ ಸಂದರ್ಶನಕ್ಕೆ ದಿನ ಗೊತ್ತುಮಾಡುತ್ತಾರೆ. ಸ್ಪ್ಯಾಮ್ ಕಾಟಕ್ಕೆ ಗುರುತಿಲ್ಲದ ನಂಬರ್ ಎತ್ತದಿರುವುದು ನಮಗೆಲ್ಲ ರೂಢಿ. ಆ ದಿನ ಮಾತ್ರ ಎತ್ತಿ. ನೀವು ಸಿಗದಿದ್ದರೆ ಕೈಯಲ್ಲಿರುವ ಮಾಹಿತಿಯ ಮೇಲೆ ತೀರ್ಮಾನ ಮಾಡುತ್ತಾರೆ, ಅದು ಹೆಚ್ಚಾಗಿ ಕಂಪನಿ ಕೊಟ್ಟ ಮಾಹಿತಿ. ಮಾತು ಚಿಕ್ಕದಾಗಿರಲಿ. ಮ್ಯಾನೇಜರ್ ಎಷ್ಟು ಕೆಟ್ಟವನು ಎಂಬುದು ಬೇಡ. ಕೊನೆಯ ದಿನ ಏನಾಯಿತು, ಯಾರು ಏನು ಹೇಳಿದರು, ಅಷ್ಟು ಸಾಕು.

ಎರಡು ವಾರಕ್ಕೊಮ್ಮೆ ಸರ್ಟಿಫೈ

ಅರ್ಜಿ ಒಮ್ಮೆ ಹಾಕಿದರೆ ಹಣ ತಾನಾಗಿ ಬರುವುದಿಲ್ಲ. ಎರಡು ವಾರಕ್ಕೊಮ್ಮೆ ಪ್ರಶ್ನೆಗಳಿಗೆ ಉತ್ತರಿಸಬೇಕು, ಸರ್ಟಿಫೈ ಮಾಡುವುದು ಎಂದರೆ ಇದೇ. ಕಾಯಿಲೆಯಾಗಿತ್ತೇ? ಬೇರೆ ಕಾರಣಕ್ಕೆ ಪೂರ್ಣಾವಧಿ ಕೆಲಸ ಒಪ್ಪಲಾಗದ ದಿನ ಇತ್ತೇ? ಕೆಲಸ ಹುಡುಕಿದಿರಾ? ಬಂದ ಕೆಲಸ ಬೇಡವೆಂದಿರಾ? ಓದಲು ಸೇರಿದಿರಾ? ಕೆಲಸ ಮಾಡಿದಿರಾ, ಏನಾದರೂ ಗಳಿಸಿದಿರಾ? ಕಾಯುವ ವಾರಕ್ಕೂ ಸರ್ಟಿಫೈ ಮಾಡಬೇಕು.

ನಮ್ಮವರು ಎಡವುವುದು ಊರಿಗೆ ಹೋಗುವ ವಿಷಯದಲ್ಲಿ. ಕೆಲಸ ಹೋಯಿತು, ಹೇಗೂ ಬಿಡುವಿದೆ, ಮೂರು ವಾರ ಬೆಂಗಳೂರಿಗೆ ಹೋಗಿಬರೋಣ ಎನಿಸುತ್ತದೆ. ತಪ್ಪೇನಿಲ್ಲ, ಹೋಗಿ. ಆದರೆ ದೇಶದ ಹೊರಗಿದ್ದ ದಿನಗಳಲ್ಲಿ ನೀವು ಇಲ್ಲಿ ಕೆಲಸಕ್ಕೆ ಸಿದ್ಧರಿರಲಿಲ್ಲ, ಆ ವಾರಗಳ ಹಣ ಸಿಗುವುದಿಲ್ಲ. "ಲ್ಯಾಪ್‌ಟಾಪ್ ಇತ್ತಲ್ಲ, ಅಲ್ಲಿಂದಲೇ ಅರ್ಜಿ ಹಾಕ್ತಿದ್ದೆ" ಎಂಬ ವಾದ ನಡೆಯುವುದಿಲ್ಲ. ಬಸವನಗುಡಿಯಲ್ಲಿ ಕುಳಿತು ಯುಐ ಆನ್‌ಲೈನ್‌ಗೆ ಲಾಗಿನ್ ಆಗಿ "ಸಿದ್ಧನಿದ್ದೆ" ಎಂದು ಒತ್ತಿದರೆ ಹಣ ವಾಪಸ್ ಕೇಳುತ್ತಾರೆ. ಬೇಕೆಂದೇ ಮುಚ್ಚಿಟ್ಟಿರಿ ಎಂದು ತೀರ್ಮಾನವಾದರೆ ಶೇಕಡಾ 30ರಷ್ಟು ದಂಡವೂ ಸೇರುತ್ತದೆ. ಹೋದ ದಿನಗಳನ್ನು ಹೇಳಿ, ಆ ವಾರ ಬಿಟ್ಟು ಮುಂದುವರಿಸಿ. ಸಿಗದ ವಾರದ ಹಣ ಕ್ಲೇಮಿನಲ್ಲೇ ಉಳಿದಿರುತ್ತದೆ, ಒಂದು ವರ್ಷದ ಅವಧಿಯೊಳಗೆ ಮುಂದೆ ಬಳಸಬಹುದು.

ಚಿಕ್ಕಪುಟ್ಟ ಗಳಿಕೆಯನ್ನು ಹಣ ಕೈಗೆ ಬಂದ ವಾರಕ್ಕಲ್ಲ, ಕೆಲಸ ಮಾಡಿದ ವಾರಕ್ಕೆ ಬರೆಯಬೇಕು, ಅದೂ ತೆರಿಗೆ ಕಡಿಯುವ ಮೊದಲಿನ ಮೊತ್ತ. 25 ಡಾಲರ್ ಅಥವಾ ಗಳಿಕೆಯ ಶೇಕಡಾ 25, ಎರಡರಲ್ಲಿ ಯಾವುದು ದೊಡ್ಡದೋ ಅಷ್ಟನ್ನು ಬಿಟ್ಟು ಉಳಿದದ್ದನ್ನು ಕಳೆಯುತ್ತಾರೆ. ಒಂದು ವಾರ 200 ಡಾಲರ್ ಗಳಿಸಿದರೆ 50 ಬಿಡುತ್ತಾರೆ, 150 ಕಳೆದು 300 ಕೊಡುತ್ತಾರೆ.

ಎಲ್ಲಿ ಯಾವ ದಿನ ಕೆಲಸಕ್ಕೆ ಅರ್ಜಿ ಹಾಕಿದಿರಿ, ಯಾರ ಜೊತೆ ಮಾತಾಡಿದಿರಿ ಎಂದು ಒಂದು ಪಟ್ಟಿ ಇಟ್ಟುಕೊಳ್ಳಿ. ಇಡಿಡಿ ಕೇಳಬಹುದು.

ತಿರಸ್ಕಾರದ ನೋಟಿಸ್ ಬಂದರೆ

ಹೆಸರು ನೋಟಿಸ್ ಆಫ್ ಡಿಟರ್ಮಿನೇಷನ್. ಮೊದಲು ಎರಡು ವಿಷಯ ಹುಡುಕಿ: ಸೆಕ್ಷನ್ ನಂಬರ್ ಮತ್ತು ಅಂಚೆಗೆ ಹಾಕಿದ ದಿನಾಂಕ. 1256 ಎಂದರೆ ಕೆಲಸ ಬಿಟ್ಟ ಅಥವಾ ತೆಗೆದ ಕಾರಣ. 1253(ಸಿ) ಎಂದರೆ ಶಕ್ತರಾಗಿ, ಸಿದ್ಧರಾಗಿ ಇರಲಿಲ್ಲ ಎಂಬುದು. 1257(ಎ) ಎಂದರೆ ಸುಳ್ಳು ಹೇಳಿದಿರಿ ಎಂಬ ಆರೋಪ, ಇದನ್ನು ಜಾಸ್ತಿ ಗಂಭೀರವಾಗಿ ತೆಗೆದುಕೊಳ್ಳಿ. ಒಂದೇ ಸಲ ಎರಡು ಮೂರು ನೋಟಿಸ್ ಬಂದರೆ ಪ್ರತಿಯೊಂದಕ್ಕೂ ಅಪೀಲ್ ಮಾಡಬೇಕು. ಒಂದನ್ನು ಬಿಟ್ಟರೆ ಉಳಿದದ್ದರಲ್ಲಿ ಗೆದ್ದರೂ ಹಣ ನಿಂತೇ ಇರಬಹುದು.

ಗಡುವು 30 ದಿನ. ಕಾಗದ ನಿಮ್ಮ ಕೈ ಸೇರಿದ ದಿನದಿಂದಲ್ಲ, ಅಂಚೆಗೆ ಹಾಕಿದ ದಿನದಿಂದ. ನೋಟಿಸ್ ಜೊತೆ ಡಿಇ 1000ಎಂ ಎಂಬ ಅಪೀಲ್ ಫಾರ್ಮ್ ಇರುತ್ತದೆ. ಅದಿಲ್ಲದಿದ್ದರೆ ಬಿಳಿ ಹಾಳೆಯ ಮೇಲೆ ಬರೆದರೂ ಆಗುತ್ತದೆ. ಹೆಸರು, ವಿಳಾಸ, ಗುರುತಿನ ಸಂಖ್ಯೆ, ಯಾವ ದಿನಾಂಕದ ತೀರ್ಮಾನ, ಯಾಕೆ ಒಪ್ಪುವುದಿಲ್ಲ ಎಂಬ ನಾಲ್ಕು ಸಾಲು, ಸಹಿ. "ನನ್ನನ್ನು ಕೆಲಸದ ಗುರಿ ಮುಟ್ಟದ ಕಾರಣಕ್ಕೆ ತೆಗೆದರು. ನಾನು ಯಾವ ನಿಯಮವನ್ನೂ ಬೇಕೆಂದು ಮುರಿದಿಲ್ಲ. ವಿಚಾರಣೆ ಬೇಕು." ಇಷ್ಟು ಸಾಕು. ಪೂರ್ತಿ ವಾದ ಇಲ್ಲೇ ಬರೆಯುತ್ತಾ ಕೂತು ಗಡುವು ತಪ್ಪಿಸಿಕೊಳ್ಳಬೇಡಿ. ನೋಟಿಸಿನಲ್ಲಿರುವ ವಿಳಾಸಕ್ಕೆ ಕಳಿಸಿ, ಕಳಿಸಿದ್ದಕ್ಕೆ ರಸೀದಿ ಇಟ್ಟುಕೊಳ್ಳಿ. ಗಡುವು ದಾಟಿದ್ದರೂ ಕಳಿಸಿ, ತಡವಾದ ಕಾರಣವನ್ನೂ ಬರೆಯಿರಿ. ಕಾರಣ ಒಪ್ಪಿದರೆ ತೆಗೆದುಕೊಳ್ಳುತ್ತಾರೆ.

ಅಪೀಲ್ ನಡೆಯುತ್ತಿರುವಾಗಲೂ ಎರಡು ವಾರಕ್ಕೊಮ್ಮೆ ಸರ್ಟಿಫೈ ಮಾಡುತ್ತಲೇ ಇರಿ. ಹಣ ಬರುತ್ತಿಲ್ಲವಲ್ಲ, ಸುಮ್ನೆ ಯಾಕೆ ಎಂದು ನಿಲ್ಲಿಸಿದರೆ ಗೆದ್ದಾಗ ಆ ವಾರಗಳಿಗೆ ಹಣ ಸಿಗುವುದಿಲ್ಲ. ಈ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ವಿಚಾರಣೆ

ಅಪೀಲನ್ನು ಇಡಿಡಿ ಮೊದಲು ತಾನೇ ನೋಡುತ್ತದೆ. ತೀರ್ಮಾನ ಬದಲಿಸದಿದ್ದರೆ ಕ್ಯಾಲಿಫೋರ್ನಿಯಾ ಅನ್‌ಎಂಪ್ಲಾಯ್‌ಮೆಂಟ್ ಇನ್ಶೂರೆನ್ಸ್ ಅಪೀಲ್ಸ್ ಬೋರ್ಡ್‌ಗೆ ಕಳಿಸುತ್ತದೆ. ಇದು ಇಡಿಡಿಗಿಂತ ಬೇರೆಯಾದ ಸಂಸ್ಥೆ. ಇಲ್ಲಿ ಆಡಳಿತ ನ್ಯಾಯಾಧೀಶರು ನಿಮ್ಮ ಮಾತನ್ನು ಹೊಸದಾಗಿ ಕೇಳುತ್ತಾರೆ. ವಿಚಾರಣೆಯ ದಿನವನ್ನು ಕನಿಷ್ಠ 10 ದಿನ ಮೊದಲು ತಿಳಿಸುತ್ತಾರೆ. ಹೆಚ್ಚಿನವು ಈಗ ಫೋನಿನಲ್ಲೇ ನಡೆಯುತ್ತವೆ.

ಕೋರ್ಟ್ ಎಂದರೆ ಹೆದರಿಕೆ ಸಹಜ. ಇಲ್ಲಿ ಕರಿ ಕೋಟಿನ ವಾದವಿವಾದ ಇರುವುದಿಲ್ಲ. ಪ್ರಮಾಣ ಮಾಡಿಸುತ್ತಾರೆ, ರೆಕಾರ್ಡ್ ಮಾಡುತ್ತಾರೆ, ನ್ಯಾಯಾಧೀಶರೇ ಪ್ರಶ್ನೆ ಕೇಳುತ್ತಾ ಹೋಗುತ್ತಾರೆ. ವಕೀಲರು ಬೇಕೆಂದಿಲ್ಲ. ಇಟ್ಟುಕೊಂಡರೂ ಶುಲ್ಕಕ್ಕೆ ಬೋರ್ಡಿನ ಒಪ್ಪಿಗೆ ಬೇಕು.

ವಿಚಾರಣೆಗೆ ಮೊದಲು ಕೇಸ್ ಫೈಲ್ ತರಿಸಿ ಓದಿ. ಕಂಪನಿ ಏನು ಬರೆದಿದೆ, ಫೋನಿನಲ್ಲಿ ನೀವು ಹೇಳಿದ್ದನ್ನು ಇಡಿಡಿಯವರು ಹೇಗೆ ಬರೆದುಕೊಂಡಿದ್ದಾರೆ, ಎಲ್ಲ ಅದರಲ್ಲಿರುತ್ತದೆ. ಜಗಳದ ಮೂಲ ಹೆಚ್ಚಾಗಿ ಅಲ್ಲಿನ ಒಂದೋ ಎರಡೋ ಸಾಲಿನಲ್ಲಿರುತ್ತದೆ. ದಿನಾಂಕದ ಪ್ರಕಾರ ಒಂದು ಪುಟದ ಟಿಪ್ಪಣಿ ಮಾಡಿಕೊಳ್ಳಿ. ದಾಖಲೆಗಳನ್ನು ಮೊದಲೇ ಕಳಿಸಿ, ಫೋನ್ ವಿಚಾರಣೆಯಲ್ಲಿ "ನನ್ನ ಹತ್ತಿರ ಮೇಲ್ ಇದೆ" ಎಂದರೆ ಅವರಿಗೆ ಕಾಣುವುದಿಲ್ಲ. ಕಣ್ಣಾರೆ ಕಂಡ ಸಹೋದ್ಯೋಗಿ ಇದ್ದರೆ ಸಾಕ್ಷಿಗೆ ಕರೆಯಿರಿ. ಘಟನೆ ನಡೆದಾಗ ಇಲ್ಲದ ಎಚ್ಆರ್‌ನವರ ಮಾತಿಗಿಂತ ಅಲ್ಲಿದ್ದವರ ಮಾತಿಗೆ ತೂಕ ಜಾಸ್ತಿ, ನಿಮ್ಮ ಮಾತೂ ಅದರಲ್ಲಿ ಸೇರಿದೆ.

ಇಂಗ್ಲಿಷ್ ಅಷ್ಟಾಗಿ ಬಾರದವರಿಗೆ ಬೋರ್ಡ್ ಉಚಿತವಾಗಿ ದುಭಾಷಿ ಕೊಡುತ್ತದೆ. ಗ್ರೀನ್ ಕಾರ್ಡ್ ಮೇಲೆ ಬಂದು ಇಂಡಿಯನ್ ಸ್ಟೋರಿನಲ್ಲೋ ಹೋಟೆಲಿನಲ್ಲೋ ದುಡಿದ ಅಪ್ಪ ಅಮ್ಮಂದಿರ ಕೇಸ್ ಇದ್ದರೆ ಅಪೀಲ್ ಫಾರ್ಮಿನಲ್ಲೇ ಕನ್ನಡ ಎಂದು ಬರೆಯಿರಿ. ಮಗನೋ ಸೊಸೆಯೋ ಪಕ್ಕದಲ್ಲಿ ಕೂತು ಉತ್ತರ ಹೇಳಿಕೊಡುವುದು ಬೇಡ, ಅದರಿಂದ ಅವರ ಮಾತಿನ ಮೇಲಿನ ನಂಬಿಕೆಯೇ ಕಡಿಮೆಯಾಗುತ್ತದೆ.

ಆ ದಿನ ತಪ್ಪಿಸಬೇಡಿ. ಅಪೀಲ್ ಮಾಡಿದವರೇ ಬಾರದಿದ್ದರೆ ಅದು ವಜಾ ಆಗುತ್ತದೆ. ಕೆಲವೊಮ್ಮೆ ನೀವು ಗೆದ್ದಿದ್ದರೂ ಕಂಪನಿ ಅಪೀಲ್ ಮಾಡುತ್ತದೆ. ಆಗಲೂ ಹೋಗಿ, ಇಲ್ಲವಾದರೆ ಅವರ ಮಾತೊಂದೇ ದಾಖಲಾಗುತ್ತದೆ.

ಆಮೇಲೆ

ತೀರ್ಪು ಅಂಚೆಯಲ್ಲಿ ಬರುತ್ತದೆ. ಸೋತರೆ ಬೋರ್ಡಿಗೆ ಎರಡನೇ ಅಪೀಲ್, ಮತ್ತೆ 30 ದಿನದ ಗಡುವು. ಅಲ್ಲಿ ಸಾಮಾನ್ಯವಾಗಿ ಹೊಸ ವಿಚಾರಣೆ ಇಲ್ಲ, ಮೊದಲಿನ ದಾಖಲೆ ಮತ್ತು ರೆಕಾರ್ಡಿಂಗ್ ನೋಡಿ ತೀರ್ಮಾನಿಸುತ್ತಾರೆ. ಮೊದಲ ವಿಚಾರಣೆಯಲ್ಲಿ ಎಲ್ಲವನ್ನೂ ಮುಂದಿಡಬೇಕು ಎನ್ನುವುದು ಇದಕ್ಕೇ. ಅಲ್ಲೂ ಸೋತರೆ ಆರು ತಿಂಗಳೊಳಗೆ ಸುಪೀರಿಯರ್ ಕೋರ್ಟಿಗೆ ಹೋಗಬಹುದು, ಆ ಹಂತಕ್ಕೆ ವಕೀಲರಿಲ್ಲದೆ ಹೋಗಬೇಡಿ. 1256ರಲ್ಲಿ ಸೋತದ್ದೂ ಶಾಶ್ವತವಲ್ಲ. ಹೊಸ ಕೆಲಸಕ್ಕೆ ಸೇರಿ ನಿಮ್ಮ ವಾರದ ಮೊತ್ತದ ಐದು ಪಟ್ಟು ಗಳಿಸಿದ ಮೇಲೆ, ಆ ಕೆಲಸವೂ ನಿಮ್ಮ ತಪ್ಪಿಲ್ಲದೆ ಹೋದರೆ ಮತ್ತೆ ಕೇಳಬಹುದು.

ಗೆದ್ದರೆ ಸರ್ಟಿಫೈ ಮಾಡಿದ್ದ ಹಳೆಯ ವಾರಗಳ ಹಣವೂ ಬರುತ್ತದೆ. ಇದಕ್ಕೆ ರಾಜ್ಯದ ಆದಾಯ ತೆರಿಗೆ ಇಲ್ಲ, ಫೆಡರಲ್ ತೆರಿಗೆ ಇದೆ. ಬೇಕಿದ್ದರೆ ಪ್ರತಿ ಸಲ ಶೇಕಡಾ 10 ಮುರಿದುಕೊಳ್ಳಲು ಹೇಳಬಹುದು. ಮುಂದಿನ ಜನವರಿಯಲ್ಲಿ ಎಷ್ಟು ಹಣ ಬಂತೆಂದು ತೋರಿಸುವ 1099-ಜಿ ಫಾರ್ಮ್ ಬರುತ್ತದೆ. ಟ್ಯಾಕ್ಸ್ ಫೈಲ್ ಮಾಡುವಾಗ ಹೊಸ ಕಂಪನಿಯ ಡಬ್ಲ್ಯು-2 (ವರ್ಷದ ಸಂಬಳ, ತೆರಿಗೆಯ ಫಾರ್ಮ್) ಜೊತೆ ಅದನ್ನೂ ಸೇರಿಸಿ.